ಸೋಲಿನ ಲೆಕ್ಕ ಕೊಡುವವರಾರು?

ಕಾಲ್ಚೆಂಡಾಟದ ಅಭಿಮಾನಿ ಸೋಲಿಗೆ ಅಂಜುವವನಲ್ಲ. ಸೋಲಿನ ಕಾರಣವನ್ನು ಯಾರೂ ಹೇಳದಿದ್ದಾಗಲೇ ಅವನ ಮನಸ್ಸು ಮುರಿಯುವುದು. ಬೆಂಗಳೂರಿನ ಎಚ್.ಎ.ಎಲ್. ತಂಡ 2011-12ರ ಐ-ಲೀಗ್ ಮುಗಿದಾಗ ಮೇಲಿನ ದರ್ಜೆಯಿಂದ ಕೆಳಗಿಳಿಯಿತು. ಕಾರ್ಖಾನೆಯ ತಂಡವೆಂದ ಮೇಲೆ ಆಟಗಾರರ ಆಯ್ಕೆಯೂ ಹಣದ ವಿನಿಯೋಗವೂ ಆಡಳಿತದವರ ಕೈಯಲ್ಲಿ. ಬಿಸಿಲಿನಲ್ಲಿ ನಿಂತು ಕೂಗಿದವನಿಗೆ ಅಲ್ಲಿ ಮತವಿಲ್ಲ. ಜರ್ಮನಿಯಲ್ಲಾದರೋ, ತಂಡದ ಮತಗಳಲ್ಲಿ ಹೆಚ್ಚಿನ ಪಾಲು ಸಾಮಾನ್ಯವಾಗಿ ಸಂಘದ ಸದಸ್ಯರದೇ ಆಗಿರಬೇಕೆಂಬ ನಿಯಮ 1998ರಿಂದ ಜಾರಿಯಲ್ಲಿದೆ.

ಈ ನೀತಿ ನಮ್ಮ ಊರುಗಳಿಗೂ ಸಲ್ಲುವುದು. ಯಾದಗಿರಿ, ಶಹಾಪುರ, ಸುರಪುರಗಳ ತರುಣರು ನಾಳೆ ತಂಡ ಕಟ್ಟುವುದಾದರೆ, ಕಾರ್ಯಕಾರಿ ಸಮಿತಿಯಲ್ಲಿ ಪ್ರೇಕ್ಷಕನಿಗೂ ಒಂದು ಕುರ್ಚಿ ಇಡಲಿ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಮೈದಾನದಲ್ಲೇ ಓದಲಿ. ಆಗ ಸೋತ ತಂಡದ ಹಿಂದೆಯೂ ಊರು ನಿಂತೀತು.