ಮರಾಠಿ ಬಾರದವರ ಮುಂದೆ ತಿಲಕರು

1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಈಗ ರದ್ದಿ ಅಂಗಡಿಯ ಸರಕು. ಬೆನ್ನು ಕಿತ್ತುಹೋದ ಒಂದು ಪ್ರತಿಯನ್ನು ತಿರುವಿಹಾಕುತ್ತಿದ್ದಾಗ 278ನೇ ಕಲಮಿನ ಮೇಲೆ ಕಣ್ಣು ನಿಂತಿತು. ಜ್ಯೂರಿಯಲ್ಲಿ ಕೂರಲು ಬಂದವರನ್ನು ಯಾವ ಯಾವ ಕಾರಣಕ್ಕೆ ಎಬ್ಬಿಸಿ ಕಳಿಸಬಹುದು ಎಂಬ ಪಟ್ಟಿ ಅದು. ಪಕ್ಷಪಾತ ಇದ್ದರೆ ಸರಿಯೇ, ಇದ್ದೀತೆಂದು ಅನ್ನಿಸಿದರೂ ಸಾಕು, ಆತ ಏಳಬೇಕು. ಸಾಕ್ಷ್ಯದ ಭಾಷೆ ಬಾರದವನೂ ಏಳಬೇಕು. ಆದರೆ ಕೊನೆಗೊಂದು ಬಾಲ: ಸಾಕ್ಷ್ಯವನ್ನು ತರ್ಜುಮೆ ಮಾಡಿ ಹೇಳುವುದಾದರೆ ಆ ತರ್ಜುಮೆಯ ಭಾಷೆ ಬಂದರಾಯಿತು!

ಬಾಲಗಂಗಾಧರ ತಿಲಕರಿಗೆ ಉರುಳಾದದ್ದು ಈ ಬಾಲವೇ.

ಮುಜಫರ್‌ಪುರದಲ್ಲಿ ಬಾಂಬು ಸಿಡಿದ ಮೇಲೆ ತಿಲಕರ ಮರಾಠಿ ಪತ್ರಿಕೆ ‘ಕೇಸರಿ’ಯಲ್ಲಿ ಬಂದ ಲೇಖನಗಳಿಗಾಗಿ 1908ರ ಜುಲೈಯಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ರಾಜದ್ರೋಹದ ವಿಚಾರಣೆ. ಸರ್ಕಾರ ‘ಸ್ಪೆಷಲ್ ಜ್ಯೂರಿ’ ಕೇಳಿ ಪಡೆಯಿತು. ಕೂತವರು ಒಂಬತ್ತು ಜನ. ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಮರಾಠಿ ಬರಹದಲ್ಲಿ ದ್ವೇಷವಿದೆಯೇ ಎಂದು ತೂಗಬೇಕಾದವರ ಕೈಯಲ್ಲಿ ಇದ್ದದ್ದು ಇಂಗ್ಲಿಷ್ ತರ್ಜುಮೆ. ತಮ್ಮ ವಾದ ತಾವೇ ಮಾಡಿದ ತಿಲಕರು 21 ಗಂಟೆಗೂ ಮಿಕ್ಕಿ ಮಾತಾಡಿದರು. ಈ ಮರಾಠಿ ಶಬ್ದಕ್ಕೆ ಆ ಇಂಗ್ಲಿಷ್ ಅರ್ಥ ಹೇಗೆ ಬಂತು ಎಂದು ತಕರಾರು ತೆಗೆದರು. ಕೋರ್ಟು ಆಗಾಗ ನಿಘಂಟಿನ ಜಗಳಗಂಟಿ ಸಭೆಯಾಗಿರಬೇಕು.

ಪೀಠದಲ್ಲಿದ್ದವರು ದಿನ್ಶಾ ದಾವರ್. 1897ರ ರಾಜದ್ರೋಹದ ಮೊಕದ್ದಮೆಯಲ್ಲಿ ತಿಲಕರಿಗೆ ಜಾಮೀನು ಕೊಡಿ ಎಂದು ವಾದಿಸಿದ್ದ ಬ್ಯಾರಿಸ್ಟರೂ ಇವರೇ! ಈ ಸಲ ಜಿನ್ನಾ ಬಂದು ಜಾಮೀನು ಕೇಳಿದರೆ ಕೊಡಲಿಲ್ಲ.

1897ರ ಜ್ಯೂರಿ ಸೀಳಿದ್ದು ಚರ್ಮದ ಬಣ್ಣದ ಗೆರೆಯ ಮೇಲೆಯೇ: ಆರು ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. 1908ರ ಜುಲೈ 22ರ ರಾತ್ರಿ ಲೆಕ್ಕ ಏಳು-ಎರಡು. ಆಗಿನ ಇಂಗ್ಲೆಂಡಿನಲ್ಲಾಗಿದ್ದರೆ ಒಬ್ಬ ಮುಖ ತಿರುಗಿಸಿದರೂ ಶಿಕ್ಷೆ ಇಲ್ಲ. ಇಲ್ಲಿ ಒಂಬತ್ತರಲ್ಲಿ ಆರು ಜನ ಒಂದಾಗಿ, ನ್ಯಾಯಮೂರ್ತಿ ತಲೆಯಾಡಿಸಿದರೆ ಮುಗಿಯಿತು. ತಮ್ಮ ಮನೆಗೊಂದು ಅಳತೆ, ನಮ್ಮ ಮನೆಗೊಂದು. ಆರು ವರ್ಷ ಗಡೀಪಾರು, ಸಾವಿರ ರೂಪಾಯಿ ದಂಡ.

ಜ್ಯೂರಿ ಪದ್ಧತಿಯ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1959ರಲ್ಲಿ ಕೊಲೆಯ ಆರೋಪ ಹೊತ್ತ ನೌಕಾಪಡೆಯ ಕಮಾಂಡರ್ ನಾನಾವತಿಯನ್ನು ಜ್ಯೂರಿ ಎಂಟು-ಒಂದರಿಂದ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1973ರ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಗಡೀಪಾರಾಗಿ ಸೇರಿದ ಮಂಡಾಲೆಯ ಸೆರೆಯಲ್ಲಿ ತಿಲಕರು ಪೆನ್ಸಿಲಿನಲ್ಲಿ ‘ಗೀತಾರಹಸ್ಯ’ ಬರೆದರು, ಮತ್ತೆ ಮರಾಠಿಯಲ್ಲೇ. ಅದನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು.