ಯಂತ್ರದೊಳಗಿನ ಯಂತ್ರ: ಪ್ರೊಸೆಸರುಗಳ ಹೊಂದಾಣಿಕೆ

ಪುಣೆಯ ಹೆಸರು ಗಣಕಯಂತ್ರಗಳೊಡನೆ ಸೇರಿಕೊಂಡುದು ನಿನ್ನೆ ಮೊನ್ನೆಯ ಮಾತಲ್ಲ. 1988ರಲ್ಲಿ ಸಿ-ಡ್ಯಾಕ್ ಸಂಸ್ಥೆ ಈ ನಗರದಲ್ಲಿ ಸ್ಥಾಪಿತವಾಯಿತು. 1991ರಲ್ಲಿ ಅದರ ಪರಮ್ 8000 ಎಂಬ ಮಹಾಗಣಕ ಸಿದ್ಧವಾಯಿತು. 2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಅಜೂರ್ ಸೇವೆಗಾಗಿ ಭಾರತದಲ್ಲಿ ತೆರೆದ ಮೂರು ನೆಲೆಗಳಲ್ಲಿ ಒಂದು ಪುಣೆಯದು. ಉಳಿದೆರಡು ಮುಂಬಯಿ ಮತ್ತು ಚೆನ್ನೈಗಳವು. ಇಂತಹ ನೆಲೆಗಳಲ್ಲಿ ಒಬ್ಬ ಗ್ರಾಹಕನಿಗೆ ಒಂದು ಯಂತ್ರ ಎಂಬ ಲೆಕ್ಕವಿಲ್ಲ. ಒಂದೇ ಯಂತ್ರವು ತಾನು ಹತ್ತಾರು ಯಂತ್ರಗಳೆಂಬಂತೆ ವರ್ತಿಸುತ್ತದೆ. ಹೀಗೆ ತೋರಿಕೆಯಲ್ಲಿ ಮಾತ್ರ ಇರುವ ಯಂತ್ರಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ಕನ್ನಡದಲ್ಲಿ ಕಲ್ಪಿತ ಯಂತ್ರವೆನ್ನಬಹುದು. ಅವುಗಳನ್ನು ಸೃಷ್ಟಿಸಿ ಆಳುವ ಕಾರ್ಯಕ್ರಮಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಈ ವಿದ್ಯೆಯೂ ಹೊಸದಲ್ಲ. ಐಬಿಎಂ ಸಂಸ್ಥೆಯು ವಿಎಂ/370 ಎಂಬ ವ್ಯವಸ್ಥೆಯನ್ನು 1972ರಷ್ಟು ಹಿಂದೆಯೇ ಪ್ರಕಟಿಸಿತ್ತು.

ವೈದ್ಯಕೀಯ ಲೇಖನಗಳ ನಡುವೆ ಈ ವಿಷಯಕ್ಕೆ ಏನು ಸ್ಥಾನವೆಂದು ವಾಚಕರು ಕೇಳಬಹುದು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ರಕ್ತಪರೀಕ್ಷೆಯ ಫಲಿತಾಂಶ, ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳು, ಔಷಧಗಳ ಪಟ್ಟಿ ಇವೆಲ್ಲ ಅನೇಕ ವೇಳೆ ಇಂತಹ ಕಲ್ಪಿತ ಯಂತ್ರಗಳಲ್ಲಿಯೇ ಇರುತ್ತವೆ. ನಡುರಾತ್ರಿಯಲ್ಲಿ ಆಧಾರಯಂತ್ರವೊಂದು ದುರಸ್ತಿಗೆ ಬಂದಿತೆನ್ನಿ. ಆಗ ಅದರ ಮೇಲಿರುವ ಕಲ್ಪಿತ ಯಂತ್ರವನ್ನು, ಅದು ಕೆಲಸ ಮಾಡುತ್ತಿರುವಂತೆಯೇ, ಪಕ್ಕದ ಆಧಾರಯಂತ್ರಕ್ಕೆ ಸಾಗಿಸಬಹುದು. ದಾದಿಯ ಮುಂದಿನ ಪರದೆ ಕ್ಷಣಕಾಲ ತಡವರಿಸಿದರೂ ಆಕೆಗೆ ಗೊತ್ತಾಗದು. ಆದರೆ ಎರಡೂ ಆಧಾರಯಂತ್ರಗಳ ಪ್ರೊಸೆಸರುಗಳು ಒಂದೇ ಪೀಳಿಗೆಯವಾಗಿರದಿದ್ದರೆ ಅಪಾಯ ಇಲ್ಲಿಯೇ ಕಾದಿರುತ್ತದೆ.

ಅದೆಂತೆಂದರೆ, ಪ್ರತಿ ಪೀಳಿಗೆಯ ಪ್ರೊಸೆಸರಿಗೂ ಹೊಸ ಆಜ್ಞೆಗಳು ಸೇರುತ್ತ ಬಂದಿವೆ. ಉದಾಹರಣೆಗೆ, 2011ರಿಂದ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದ ಎವಿಎಕ್ಸ್ ಎಂಬ ಆಜ್ಞಾಸಮೂಹವು ಅನೇಕ ಸಂಖ್ಯೆಗಳನ್ನು ಒಂದೇ ಏಟಿಗೆ ಗುಣಿಸಿ ಕೂಡಬಲ್ಲದು. ಚಿತ್ರಸಂಸ್ಕರಣಕ್ಕೆ ಇದು ಬಹು ಉಪಯುಕ್ತ. ಕಾರ್ಯಕ್ರಮವು ತಾನು ಆರಂಭವಾಗುವಾಗ ಸಿಪಿಯುಐಡಿ ಎಂಬ ಆಜ್ಞೆಯ ಮೂಲಕ ಪ್ರೊಸೆಸರನ್ನು ‘ನಿನಗೆ ಏನೇನು ಬರುತ್ತದೆ?’ ಎಂದು ಕೇಳಿ, ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಪುನಃ ಕೇಳುವುದಿಲ್ಲ. ಹೊಸ ಪ್ರೊಸೆಸರಿನ ಮೇಲೆ ‘ಎವಿಎಕ್ಸ್ ಉಂಟು’ ಎಂದು ತಿಳಿದ ಕಾರ್ಯಕ್ರಮವನ್ನು ಹಳೆಯದರ ಮೇಲೆ ತಂದು ನಿಲ್ಲಿಸಿದರೆ, ಅದು ಇಲ್ಲದ ಆಜ್ಞೆಯನ್ನು ಕರೆದು ಅಲ್ಲಿಯೇ ಕುಸಿಯುತ್ತದೆ. ಅದಕ್ಕೆಂದೇ ಹೈಪರ್‌ವೈಸರುಗಳು ಸಾಗಿಸುವ ಮೊದಲೇ ಪ್ರೊಸೆಸರುಗಳನ್ನು ಹೋಲಿಸಿ, ಹೊಂದದಿದ್ದರೆ ಸಾಗಣೆಯನ್ನು ನಿರಾಕರಿಸುವುದುಂಟು.

ಇದಕ್ಕೆ ಕಂಡುಕೊಂಡ ಪರಿಹಾರವೇ ಪ್ರೊಸೆಸರ್ ಹೊಂದಾಣಿಕೆಯ ವಿಧಾನ. ಹೈಪರ್‌ವೈಸರು ಸಿಪಿಯುಐಡಿ ಪ್ರಶ್ನೆಯನ್ನು ನಡುವೆ ತಡೆದು, ಎಲ್ಲ ಆಧಾರಯಂತ್ರಗಳಿಗೂ ಸಮಾನವಾಗಿರುವ ಆಜ್ಞೆಗಳನ್ನಷ್ಟೇ ಹೆಸರಿಸಿ, ಉಳಿದುದನ್ನು ಮರೆಮಾಡುತ್ತದೆ. ಬೀದರಿನವರೂ ಮಂಗಳೂರಿನವರೂ ಕೂಡಿದ ಪುಣೆಯ ಸಭೆಯಲ್ಲಿ ಭಾಷಣಕಾರನು ತನ್ನ ಊರಿನ ನುಡಿಗಟ್ಟುಗಳನ್ನು ಬದಿಗಿಟ್ಟು ಎಲ್ಲರಿಗೂ ತಿಳಿಯುವ ಕನ್ನಡವನ್ನು ಆಡುವಂತೆ ಇದು. ಮಾತಿನ ಸೊಗಸು ತುಸು ಕುಗ್ಗುತ್ತದೆ. ಆದರೆ ಅರ್ಥವಾಗದೆ ಹೋಗುವುದಿಲ್ಲ. ಮೈಕ್ರೋಸಾಫ್ಟಿನ ಹೈಪರ್-ವಿ ಈ ಸೌಲಭ್ಯವನ್ನು 2009ರ ವಿಂಡೋಸ್ ಸರ್ವರ್ 2008 ಆರ್2 ಆವೃತ್ತಿಯಲ್ಲಿ ಒದಗಿಸಿತು. ವಿಎಂವೇರ್ ಸಂಸ್ಥೆಯಲ್ಲಿ ಇದರ ಹೆಸರು ಇವಿಸಿ. ಎಷ್ಟೇ ಮರೆಮಾಡಿದರೂ ಇಂಟೆಲ್‌ನಿಂದ ಎಎಂಡಿ ಪ್ರೊಸೆಸರಿಗೆ ಈ ಬಗೆಯ ಜೀವಂತ ಸಾಗಣೆ ಸಾಧ್ಯವಿಲ್ಲ. ಮಿತವ್ಯಯದ ಹೆಸರಿನಲ್ಲಿ ಎರಡನ್ನೂ ಬೆರೆಸಿ ಕೊಳ್ಳುವುದು ಜಾಣತನವಲ್ಲ.

ಇನ್ನು ಕಲ್ಪಿತ ಯಂತ್ರದೊಳಗೆ ಮತ್ತೊಂದು ಕಲ್ಪಿತ ಯಂತ್ರವಿದ್ದರೆ? ಹೊಸ ವ್ಯವಸ್ಥೆಯನ್ನು ಪರೀಕ್ಷಿಸಲು, ವಿದ್ಯಾರ್ಥಿಗಳಿಗೆ ಕಲಿಸಲು, ಹಳೆಯ ವ್ಯವಸ್ಥೆಯನ್ನು ಇದ್ದಂತೆಯೇ ಬಾಡಿಗೆಯ ಯಂತ್ರಕ್ಕೆ ತರಲು ಇಂತಹ ಏರ್ಪಾಡು ಬೇಕಾಗುತ್ತದೆ. ಹೈಪರ್-ವಿಯಲ್ಲಿ ಇದು 2016ರ ಆವೃತ್ತಿಯಿಂದಲೂ, ಅಜೂರ್ ಸೇವೆಯಲ್ಲಿ 2017ರಿಂದಲೂ ಸಾಧ್ಯವಾಗಿದೆ.

ಪುಣೆಯ ಹಳೆಯ ಪೇಟೆಗಳ ವಾಡೆಗಳನ್ನು ಬಲ್ಲವರಿಗೆ ಇದರ ಮರ್ಮ ಬೇಗ ತಿಳಿದೀತು. ವಾಡೆಯ ಮಾಲೀಕನು ಬಾಡಿಗೆದಾರನಿಗೆ ಎರಡು ಕೋಣೆ ಕೊಡುತ್ತಾನೆ. ಬಾಡಿಗೆದಾರನು ಅದರಲ್ಲೊಂದನ್ನು ಒಳಬಾಡಿಗೆದಾರನಿಗೆ ಬಿಡುತ್ತಾನೆ. ಮಾಲೀಕನು ಮುಚ್ಚಿದ ನಲ್ಲಿಯಿಂದ ಒಳಬಾಡಿಗೆದಾರನು ನೀರು ಹಿಡಿಯಲಾರ. ಬಾಡಿಗೆದಾರನು ಅದನ್ನು ತೆರೆದು ಕೊಡಲೂ ಆರ. ಒಳಬಾಡಿಗೆಗೆ ಕೊಡುವ ಅಧಿಕಾರವೇ ಒಪ್ಪಂದದಲ್ಲಿ ಇರದಿದ್ದರಂತೂ ಮಾತೇ ಇಲ್ಲ. ಯಂತ್ರಗಳಲ್ಲಿಯೂ ಹಾಗೆಯೇ. 2005ರಲ್ಲಿ ಇಂಟೆಲ್ ತಂದ ವಿಟಿ-ಎಕ್ಸ್, ಮರುವರ್ಷ ಎಎಂಡಿ ತಂದ ಎಎಂಡಿ-ವಿ ಎಂಬ ಆಜ್ಞೆಗಳು ಹೈಪರ್‌ವೈಸರಿನ ಕೈಯ ಕೀಲಿಕೈಗಳು. ಹೊರಗಿನ ಹೈಪರ್‌ವೈಸರು ಈ ಕೀಲಿಯನ್ನು ತನ್ನ ಕಲ್ಪಿತ ಯಂತ್ರಕ್ಕೆ ತೋರಿಸಿದರೆ ಮಾತ್ರ ಒಳಗಿನ ಹೈಪರ್‌ವೈಸರು ಏಳುತ್ತದೆ. ಹೈಪರ್-ವಿಯಲ್ಲಿ ಈ ಅನುಮತಿ ತಾನಾಗಿ ಬರುವುದಿಲ್ಲ. ಯಂತ್ರವನ್ನು ನಿಲ್ಲಿಸಿ ಪ್ರತ್ಯೇಕವಾಗಿ ಕೊಡಬೇಕು.

ಆದುದರಿಂದ ಮರೆಮಾಚುವಿಕೆಯು ಪದರದಿಂದ ಪದರಕ್ಕೆ ಕೂಡುತ್ತ ಹೋಗುತ್ತದೆ. ಹೊರಪದರದಲ್ಲಿ ಎವಿಎಕ್ಸ್ ಮರೆಯಾಗಿದ್ದರೆ, ಒಳಗಿನ ವ್ಯವಸ್ಥಾಪಕನು ತನ್ನ ಪದರದ ಹೊಂದಾಣಿಕೆಯನ್ನು ತೆಗೆದುಹಾಕಿದರೂ ಅದು ದೊರೆಯದು. ಸ್ಕ್ಯಾನ್ ಚಿತ್ರ ನಿಧಾನವಾಗಿ ತೆರೆಯುತ್ತಿದೆಯೆಂದು ದೂರು ಬಂದಾಗ ಒಳಗಿನ ಯಂತ್ರವನ್ನೇ ಎಷ್ಟು ತಡಕಾಡಿದರೂ ಕಾರಣ ಸಿಕ್ಕದು. ಅದು ಎರಡು ಪದರ ಆಚೆ ಕುಳಿತಿರುತ್ತದೆ. ಪ್ರೊಸೆಸರು ನಿಜವಾಗಿ ಬಲ್ಲದ್ದು ಒಂದೇ ಪದರವನ್ನು. ಒಳಗಿನ ಹೈಪರ್‌ವೈಸರು ಕೀಲಿ ತಿರುವಿದಾಗಲೆಲ್ಲ ಹೊರಗಿನದು ಎಚ್ಚತ್ತು ಅದರ ಪರವಾಗಿ ಕೆಲಸ ಮಾಡಬೇಕು. ಐಬಿಎಂ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಟರ್ಟಲ್ಸ್ ಎಂಬ ಯೋಜನೆಯಲ್ಲಿ ಸಾಮಾನ್ಯ ಕೆಲಸಗಳಿಗೆ ಈ ಹೆಚ್ಚುವರಿ ವೆಚ್ಚ ನೂರಕ್ಕೆ 6ರಿಂದ 8ರಷ್ಟೇ ಎಂದು ತೋರಿಸಿದ್ದರು. ಸಾಗಣೆಯ ಕಷ್ಟ ಬೇರೆ: ಹೊರಯಂತ್ರದೊಡನೆ ಒಳಯಂತ್ರದ ಅರ್ಧ ನಡೆದ ವ್ಯವಹಾರವನ್ನೂ ಹೊತ್ತೊಯ್ಯಬೇಕು. ಲಿನಕ್ಸಿನ ಕೆವಿಎಂನಲ್ಲಿ, ಇಂಟೆಲ್ ಪ್ರೊಸೆಸರುಗಳ ಮಟ್ಟಿಗೆ, ಇದು ನೆಲೆಗೊಂಡುದು 2019ರ ಸುಮಾರಿಗೆ.

ಹೈಪರ್-ವಿಯ ಹಿಂದಿನ ಹೊಂದಾಣಿಕೆ ವಿಧಾನದಲ್ಲಿ ಒಂದು ಕೊರತೆಯಿತ್ತು. ಸಮೂಹದ ಎಲ್ಲ ಪ್ರೊಸೆಸರುಗಳೂ ಹೊಸವಾಗಿದ್ದರೂ ಅದು ಬಹಳ ಹಳೆಯ ಮಟ್ಟಕ್ಕೆ ಇಳಿಸಿಬಿಡುತ್ತಿತ್ತು. ವಿಂಡೋಸ್ ಸರ್ವರ್ 2025ರಲ್ಲಿ ಬಂದ ಚಲನಶೀಲ ವಿಧಾನವು ಸಮೂಹದಲ್ಲಿರುವ ಯಂತ್ರಗಳನ್ನು ನೋಡಿ, ಅವಕ್ಕೆಲ್ಲ ಸಮಾನವಾದ ಗರಿಷ್ಠ ಮಟ್ಟವನ್ನು ಲೆಕ್ಕಹಾಕುತ್ತದೆ. ಎಲ್ಲ ಆಧಾರಯಂತ್ರಗಳೂ ಒಂದೇ ಮಾದರಿಯವಾಗಿದ್ದು ಹಾಗೆಯೇ ಮುಂದುವರಿಯುವವಾದರೆ ಹೊಂದಾಣಿಕೆಯ ಗೊಡವೆಯೇ ಬೇಡ. ಮುಂದೆ ಬೇರೆ ಪೀಳಿಗೆಯದು ಸೇರಲಿದ್ದರೆ ಮೊದಲ ದಿನವೇ, ಎಲ್ಲಕ್ಕಿಂತ ಹೊರಗಿನ ಪದರದಲ್ಲಿಯೇ, ಮಟ್ಟವನ್ನು ನಿಶ್ಚಯಿಸುವುದು ಲೇಸು. ಏಕೆಂದರೆ ಓಡುತ್ತಿರುವ ಯಂತ್ರದಲ್ಲಿ ಇದನ್ನು ಬದಲಿಸಲು ಬರುವುದಿಲ್ಲ. ಹಳೆಯ ಆಧಾರಯಂತ್ರವನ್ನು ಮುಂದೊಂದು ದಿನ ತೆಗೆದುಹಾಕಿದ ಬಳಿಕ ಹೊಸ ಆಜ್ಞೆಗಳ ಲಾಭ ಒಳಯಂತ್ರಕ್ಕೆ ಮುಟ್ಟಬೇಕಾದರೂ ಮೊದಲು ಒಳಗಿನದನ್ನು, ಅನಂತರ ಹೊರಗಿನದನ್ನು ನಿಲ್ಲಿಸಿ ಪುನಃ ಆರಂಭಿಸಬೇಕಾಗುತ್ತದೆ. ಆ ಅರ್ಧ ಗಂಟೆಯನ್ನು ಯಾವ ಪಾಳಿಯಲ್ಲಿ ಹೊಂದಿಸುವುದೆಂಬುದನ್ನು ಆಸ್ಪತ್ರೆಯವರು ಗಣಕವಿಭಾಗದೊಡನೆ ಕುಳಿತು ಮುಂಚಿತವಾಗಿ ಗೊತ್ತುಮಾಡಿಕೊಳ್ಳತಕ್ಕದ್ದು.