ಮುಂದೋಡುವ ಕೈಗಡಿಯಾರ: ಕಾರಣ ಮತ್ತು ಪರಿಹಾರ

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯು ಕೀಲಿ ಕೊಡುವ ಕೈಗಡಿಯಾರವನ್ನು ನಾಡಿನ ಸಾಮಾನ್ಯರ ಕೈಗೂ ತಲುಪಿಸಿತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆ ನೀಡಿತಾದರೂ, ಅದರ ಗಡಿಯಾರಗಳು ಇಂದಿಗೂ ದುರಸ್ತಿಗಾಗಿ ಅಂಗಡಿಗಳಿಗೆ ಬರುತ್ತಿವೆ. 'ಗಡಿಯಾರ ಮುಂದೆ ಓಡುತ್ತದೆ' ಎಂಬ ದೂರು ಬಂದೊಡನೆ ಮುಚ್ಚಳ ತೆಗೆದು ರೆಗ್ಯುಲೇಟರನ್ನು ಹಿಂದಕ್ಕೆ ತಳ್ಳಿಬಿಡುವುದು ಸುಲಭ. ಆದರೆ ಕಾರಣವನ್ನು ತಿಳಿಯದೆ ಮಾಡಿದ ಇಂತಹ ದುರಸ್ತಿ ನಿಲ್ಲುವುದಿಲ್ಲ. ಗ್ರಾಹಕನೂ ಅಂಗಡಿಯಲ್ಲಿ ನಿಲ್ಲುವುದಿಲ್ಲ.

ಗಡಿಯಾರದ ವೇಗವನ್ನು ನಿರ್ಧರಿಸುವುದು ಬ್ಯಾಲೆನ್ಸ್ ಚಕ್ರ ಹಾಗೂ ಅದಕ್ಕೆ ಜೋಡಿಸಿದ ಕೂದಲೆಳೆಯಷ್ಟು ಸಣ್ಣ ಹೇರ್‌ಸ್ಪ್ರಿಂಗ್. ಗಂಟೆಗೆ 18,000 ಬಾರಿ ಮಿಡಿಯುವ ಗಡಿಯಾರವು ದಿನಕ್ಕೆ 4,32,000 ಬಾರಿ ಮಿಡಿಯುತ್ತದೆ. ಇದರಲ್ಲಿ ಕೇವಲ 300 ಮಿಡಿತಗಳು ಹೆಚ್ಚಾದರೂ ದಿನಕ್ಕೆ 1 ನಿಮಿಷ ಮುಂದಾಗುತ್ತದೆ. ಸ್ಪ್ರಿಂಗಿನ ಕೆಲಸ ಮಾಡುವ ಉದ್ದವು ಎಷ್ಟು ಕಡಿಮೆಯಾಗುವುದೋ ವೇಗವು ಅಷ್ಟು ಹೆಚ್ಚುತ್ತದೆ. ಮುಂದೋಟದ ಹೆಚ್ಚಿನ ಕಾರಣಗಳಿಗೆ ಇದೇ ಮೂಲ.

ಮೊದಲು ಪರೀಕ್ಷಿಸಬೇಕಾದುದು ಕಾಂತತ್ವವನ್ನು. ಸರಿಯಾಗಿ ನಡೆಯುತ್ತಿದ್ದ ಗಡಿಯಾರವು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೋಡತೊಡಗಿದರೆ ಅದು ಕಾಂತದ ಪ್ರಭಾವಕ್ಕೆ ಒಳಗಾಗಿರುವ ಸಂಭವವೇ ಹೆಚ್ಚು. ಧ್ವನಿವರ್ಧಕ, ಮೊಬೈಲ್ ಫೋನ್, ಕೈಚೀಲದ ಕಾಂತದ ಗುಂಡಿ ಇವೆಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಆಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಅದರ ಉದ್ದ ಕುಗ್ಗಿದಂತಾಗುತ್ತದೆ. ಬ್ಯಾಲೆನ್ಸ್ ಚಕ್ರವಿರುವ ಭಾಗದ ಬಳಿ ಸಣ್ಣ ದಿಕ್ಸೂಚಿಯನ್ನು ಹಿಡಿದಾಗ ಅದರ ಮುಳ್ಳು ಬಿಡದೆ ನಡುಗಿದರೆ ಸಂಶಯವು ದೃಢಪಡುತ್ತದೆ. ಡಿಮ್ಯಾಗ್ನೆಟೈಸರ್ ಯಂತ್ರದ ಮೇಲೆ ಗಡಿಯಾರವನ್ನಿಟ್ಟು, ಗುಂಡಿಯನ್ನು ಒತ್ತಿ ಹಿಡಿದು, ಗಡಿಯಾರವನ್ನು ನಿಧಾನವಾಗಿ ಒಂದು ತೋಳಿನಷ್ಟು ದೂರಕ್ಕೆ ಸರಿಸಿದ ಬಳಿಕವೇ ಗುಂಡಿಯನ್ನು ಬಿಡಬೇಕು. ಹತ್ತಿರದಲ್ಲಿರುವಾಗಲೇ ಬಿಟ್ಟರೆ ಕಾಂತತ್ವವು ಮತ್ತೆ ಉಳಿಯಬಹುದು. ಈ ಪರೀಕ್ಷೆಯನ್ನು ಬಿಟ್ಟು ರೆಗ್ಯುಲೇಟರನ್ನು ಸರಿಸಿದರೆ, ಮುಂದೆ ಕಾಂತತ್ವ ನೀಗಿದಾಗ ಅದೇ ಗಡಿಯಾರವು ಹಿಂದೆ ಬೀಳುತ್ತದೆ.

ಎರಡನೆಯದು ಎಣ್ಣೆ ಮತ್ತು ಕೊಳೆ. ಅತಿಯಾಗಿ ಹಾಕಿದ ಎಣ್ಣೆಯು ಹರಿದು ಸ್ಪ್ರಿಂಗಿಗೆ ತಗುಲಿದರೂ ಸುರುಳಿಗಳು ಅಂಟಿಕೊಳ್ಳುತ್ತವೆ. ಇದಕ್ಕೆ ಪೂರ್ಣ ಬಿಚ್ಚಿ ಶುಚಿಗೊಳಿಸುವುದೊಂದೇ ಮಾರ್ಗ. ಮೂರನೆಯದು ಪೆಟ್ಟು. ಕೆಳಗೆ ಬಿದ್ದಾಗ ಸ್ಪ್ರಿಂಗ್ ಬಾಗಿ ಸುರುಳಿಗಳು ತಾಗುವುದುಂಟು. ಅದನ್ನು ಭೂತಗನ್ನಡಿಯ ಅಡಿಯಲ್ಲಿ ಅನುಭವಿ ಕೈಯೇ ನೇರಗೊಳಿಸಬೇಕು. ಹಳೆಯ ಮಾದರಿಗಳಿಗೆ ಹೊಸ ಹೇರ್‌ಸ್ಪ್ರಿಂಗ್ ಸುಲಭವಾಗಿ ದೊರೆಯದಿರುವುದರಿಂದ ಇಲ್ಲಿನ ಒಂದು ದುಡುಕು ಇಡೀ ಗಡಿಯಾರವನ್ನೇ ಬಲಿಗೊಡಬಹುದು.

ಈ ಮೂರೂ ದೋಷಗಳಿಲ್ಲವೆಂದು ಖಚಿತವಾದ ಮೇಲೆಯೇ ರೆಗ್ಯುಲೇಟರಿನ ಸರದಿ. ಮುಂದೋಡುವ ಗಡಿಯಾರದಲ್ಲಿ ಅದನ್ನು ಋಣ ಚಿಹ್ನೆಯ ಕಡೆಗೆ ಸರಿಸಬೇಕು. ಕೆಲವು ಗಡಿಯಾರಗಳಲ್ಲಿ ಚಿಹ್ನೆಯ ಬದಲು ಅಕ್ಷರಗಳಿದ್ದು, 'ಎಸ್' ಅಥವಾ 'ಆರ್' ಎಂಬುದು ನಿಧಾನದ ದಿಕ್ಕನ್ನು ಸೂಚಿಸುತ್ತದೆ. ಒಂದು ಬಾರಿಗೆ ಕಣ್ಣಿಗೆ ಕಂಡೂ ಕಾಣದಷ್ಟು ಮಾತ್ರ ಸರಿಸುವುದು ಲೇಸು. ಹಲವು ಗಡಿಯಾರಗಳಲ್ಲಿ ಇದರ ಪಕ್ಕದಲ್ಲಿಯೇ ಸ್ಪ್ರಿಂಗಿನ ತುದಿಯನ್ನು ಹಿಡಿದಿರುವ ಇನ್ನೊಂದು ಕಡ್ಡಿ ಇರುತ್ತದೆ. ಅದನ್ನು ತಪ್ಪಿ ಸರಿಸಿದರೆ ಟಿಕ್ ಮತ್ತು ಟಾಕ್‌ಗಳ ನಡುವಿನ ಸಮತೋಲವೇ ಕೆಡುತ್ತದೆ. ರೆಗ್ಯುಲೇಟರೇ ಇಲ್ಲದ ಬೆಲೆಬಾಳುವ ಗಡಿಯಾರಗಳನ್ನು ತಜ್ಞರಿಗೆ ಒಪ್ಪಿಸುವುದು ಕ್ಷೇಮ.

ಸರಿಪಡಿಸಿದ ಗಡಿಯಾರವನ್ನು ಪೂರ್ತಿ ಕೀಲಿ ಕೊಟ್ಟು, ಮುಖ ಮೇಲಾಗಿ, ಮುಖ ಕೆಳಗಾಗಿ ಹಾಗೂ ನಿಲ್ಲಿಸಿದ ಭಂಗಿಗಳಲ್ಲಿ, ಒಂದೊಂದರಲ್ಲಿ 24 ಗಂಟೆ ಇರಿಸಿ ನೋಡಬೇಕು. ಮಿಡಿತದ ಸದ್ದನ್ನು ಗ್ರಹಿಸಿ ದಿನದ ವ್ಯತ್ಯಾಸವನ್ನು ತೋರಿಸುವ ಟೈಂಗ್ರಾಫರ್ ಯಂತ್ರವಿದ್ದರೆ ಮೊದಲ ಅಂದಾಜು ನಿಮಿಷಗಳಲ್ಲಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಕ್ರೊನೊಮೀಟರ್ ಪ್ರಮಾಣಪತ್ರಕ್ಕೆ ದಿನದ ಸರಾಸರಿ ವ್ಯತ್ಯಾಸವು 4 ಸೆಕೆಂಡು ಹಿಂದಿನಿಂದ 6 ಸೆಕೆಂಡು ಮುಂದಿನವರೆಗಿನ ಮಿತಿಯಲ್ಲಿರಬೇಕು. ಹಳೆಯ ಸಾಧಾರಣ ಗಡಿಯಾರದಿಂದ ಅಷ್ಟನ್ನು ನಿರೀಕ್ಷಿಸಲಾಗದೆಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ಒಳಿತು. ದುರಸ್ತಿಗೆ ಮುಂಚಿನ ವ್ಯತ್ಯಾಸ, ಕಂಡುಬಂದ ಕಾರಣ ಮತ್ತು ದುರಸ್ತಿಯ ನಂತರದ ವ್ಯತ್ಯಾಸ ಈ ಮೂರನ್ನೂ ರಸೀದಿಯಲ್ಲಿಯೇ ಬರೆದುಕೊಟ್ಟರೆ ಕೆಲಸಕ್ಕೆ ಪಡೆದ ಹಣಕ್ಕೆ ಲೆಕ್ಕವಿರುತ್ತದೆ, ಮುಂದಿನ ತಕರಾರಿಗೂ ಅವಕಾಶವಿರುವುದಿಲ್ಲ.